ನಿಂತ ಗಾಡಿಯ ಉಪವಾಸ

ನಮ್ಮ ಸೀಮೆಯ ಹಳೆಯ ಒಕ್ಕಲುಮನೆಗಳಲ್ಲಿ ಹಗೇವು ತೆಗೆಯುವದೆಂದರೆ ಒಂದು ದಿನದ ದೊಡ್ಡ ಕೆಲಸವಾಗಿತ್ತು. ನೆಲದೊಳಗೆ ಆಳವಾಗಿ ತೋಡಿದ ಗುಂಡಿಯಲ್ಲಿ ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಹೊದಿಸಿ, ಮೇಲೆ ಮಣ್ಣು ಮೆತ್ತಿ, ಬರಗಾಲದ ಭಯಕ್ಕೆಂದು ವರ್ಷಗಟ್ಟಲೆ ಹಾಗೆಯೇ ಬಿಟ್ಟಿರುತ್ತಿದ್ದರು. ತೆಗೆಯುವ ದಿನ ಬಂದಾಗ ಎಂತಹ ಮುಂಗೋಪಿ ಯಜಮಾನನೂ ಅವಸರ ಮಾಡುತ್ತಿರಲಿಲ್ಲ. ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದೆ ಉಳಿಯಿತೆಂದು ಕಂಡ ಮೇಲೆಯೇ ಆಳು ಒಳಗೆ ಇಳಿಯಬೇಕು. ಮುಚ್ಚಿಟ್ಟ ವಸ್ತು ಇಟ್ಟಂತೆಯೇ ಇರುವದಿಲ್ಲ, ಕತ್ತಲೆಯಲ್ಲಿ ತನ್ನ ಪಾಡಿಗೆ ತಾನು ಏನನ್ನೋ ಮಾಡುತ್ತಲೇ ಇರುವದು ಎಂಬ ತಿಳಿವಳಿಕೆ ಆ ಜನಕ್ಕೆ ಇದ್ದಿತು.

ಮೋಟಾರು ಗಾಡಿಯ ವಿಷಯದಲ್ಲಿ ನಮಗೆ ಆ ತಿಳಿವಳಿಕೆ ಇನ್ನೂ ಬಂದಂತಿಲ್ಲ. ಓಡಿದರೆ ಸವೆಯುವದು, ನಿಂತರೆ ಉಳಿಯುವದು ಎಂದು ನಾವು ಎಣಿಸಿದ್ದೇವೆ. ಐದು ವರ್ಷ ನಿಂತ ಗಾಡಿಗೆ ಹೊಸ ಬ್ಯಾಟರಿಯನ್ನು ಜೋಡಿಸಿ, ಕೀಲಿ ತಿರುಗಿಸಿ, ಅದು ಹೊರಡದಿದ್ದರೆ 'ಇಂಜಿನ್ನು ಹೋಯಿತು' ಎಂದು ಒಂದೇ ಮಾತಿನಲ್ಲಿ ಅದರ ಶ್ರಾದ್ಧ ಮಾಡಿಬಿಡುತ್ತೇವೆ. ಇಂತಹದೊಂದು ಶ್ರಾದ್ಧವು ನಮ್ಮ ಮನೆತನದಲ್ಲಿ ಆಗುವದು ಸ್ವಲ್ಪದರಲ್ಲಿ ತಪ್ಪಿತು. ಅದು ತಪ್ಪಿದ ಬಗೆಯು ಬೇರೆಯವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಗಾಡಿ ನನ್ನ ಸೋದರಮಾವನದು. ಅಂಬಾಸಿಡರ್ ಮಾರ್ಕ್ ಫೋರ್. ಬಂಗಾಲದ ಉತ್ತರಪಾರಾದ ಕಾರಖಾನೆಯಲ್ಲಿ ಐವತ್ತು ವರ್ಷಗಳಿಗೂ ಮಿಕ್ಕಿ ತಯಾರಾಗಿ, ೨೦೧೪ರ ಮೇ ತಿಂಗಳಲ್ಲಿ ನಿಂತುಹೋದ ಆ ಗಾಡಿಯ ಗುಂಡುಮೈಯನ್ನು ವಾಚಕರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಮಾವ ಅರಿವೆಯ ವ್ಯಾಪಾರಿ. ಇಳಕಲ್ಲಿನ ಸೀರೆಯ ಗಂಟುಗಳು, ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಟ ಹೆಣ್ಣುಮಕ್ಕಳು, ಹುನಗುಂದದ ಬೀಗರು ಎಲ್ಲರೂ ಅದರಲ್ಲಿಯೇ ತಿರುಗಿದರು. ಆಲಮಟ್ಟಿಯ ನೀರು ಏರುವದೆಂದು ಹಳೆಯ ಬಾಗಲಕೋಟೆಯ ಮನೆಯನ್ನು ಬಿಟ್ಟು ನವನಗರಕ್ಕೆ ಹೊರಟಾಗ, ದೇವರ ಜಗಲಿಯ ಮೂರ್ತಿಗಳನ್ನು ಲಾರಿಯಲ್ಲಿ ಹೇರಲು ಒಪ್ಪದೆ ಅತ್ತಿಯು ಅವುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದದ್ದು ಇದೇ ಗಾಡಿಯಲ್ಲಿ. ೨೦೨೦ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಗಾಡಿ ತಗಡಿನ ಶೆಡ್ಡಿನಲ್ಲಿ ನಿಂತಿತು. ಮರುವರ್ಷ ಮಾವ ತೀರಿಕೊಂಡರು. ಗಾಡಿ ನಿಂತೇ ಇದ್ದಿತು.

೨೦೨೫ರ ದೀಪಾವಳಿಯ ಮುಂಚೆ ಮಾತು ಗಟ್ಟಿಯಾಯಿತು. ಅತ್ತಿಯ ಮಕ್ಕಳಿಬ್ಬರೂ ಪರಊರಿನಲ್ಲಿದ್ದಾರೆ. ಹಳೆಯ ಗಾಡಿಯ ನೋಂದಣಿಯನ್ನು ಮುಂದುವರಿಸುವ ಶುಲ್ಕವು ೨೦೨೨ರ ಎಪ್ರಿಲಿನಲ್ಲಿ ೬೦೦ ರೂಪಾಯಿಯಿಂದ ೫೦೦೦ಕ್ಕೆ ಏರಿತ್ತು. ಇಪ್ಪತ್ತು ವರ್ಷ ಮೀರಿದ ಗಾಡಿಗಳಿಗೆ ೨೦೨೫ರಲ್ಲಿ ಇನ್ನೂ ಏರಿತು. ಓಡದ ಗಾಡಿಗೆ ಈ ದಂಡವೇಕೆಂದು ಮಕ್ಕಳು ಕೇಳಿದ್ದು ಅನ್ಯಾಯವೇನಲ್ಲ. ಗುಜರಿಯವನು ಬಂದು ಬಾಗಿಲುಗಳನ್ನು ಬಡಿದು ನೋಡಿ ಮುಂಗಡ ಐದುನೂರು ರೂಪಾಯಿಯನ್ನೂ ಕೊಟ್ಟುಹೋದನು. ಅತ್ತಿ ಮಾತ್ರ ಒಂದು ಷರತ್ತು ಹಾಕಿದರು. ಕಾರ್ತಿಕದಲ್ಲಿ ಇಳಕಲ್ಲಿನ ತವರುಮನೆಯಲ್ಲಿ ಮದುವೆಯಿದೆ. ಅಷ್ಟರೊಳಗೆ ಗಾಡಿ ಹೊರಟರೆ ಅದರಲ್ಲಿಯೇ ಹೋಗುವದು, ಹೊರಡದಿದ್ದರೆ ಗುಜರಿಗೆ ಕೊಡುವದು. "ಒಮ್ಮೆ ಚೊಲೋತ್ನ್ಯಾಗ ನೋಡ್ಸು ತಮ್ಮಾ. ಆಮ್ಯಾಲೆ ನಾ ಏನೂ ಅನ್ನೂದುಲ್ಲ" ಎಂದರು.

ನಾನು ಹೋಗುವ ಮುಂಚೆ ಒಂದು ಗ್ಯಾರೇಜಿನವರು ಬಂದು ನೋಡಿದ್ದರು. ಅವರು ಪೆಟ್ರೋಲಿನ ಪಂಪು ಹೋಗಿದೆಯೆಂದು ಹೊಸದನ್ನು ಹಾಕಿದರು, ಗಾಡಿ ಹೊರಡಲಿಲ್ಲ. ಕಾರ್ಬೊರೇಟರನ್ನು ಹೊರಗಿನಿಂದ ಒರಸಿದರು, ಹೊರಡಲಿಲ್ಲ. ಕೊನೆಗೆ ಇಂಜಿನ್ನಿನ ಬೋರು ಸವೆದಿದೆ, ಇದಕ್ಕೆ ಖರ್ಚು ಹಾಕುವದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಹೇಳಿಹೋದರು. ಆ ತರುಣರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬೆಳೆದದ್ದು ದೋಷದ ಅಂಕೆಯನ್ನು ಗಾಡಿಯೇ ಪರದೆಯ ಮೇಲೆ ಬರೆದು ತೋರಿಸುವ ಕಾಲದಲ್ಲಿ. ಈ ಗಾಡಿ ಬಾಯಿಬಿಟ್ಟು ಏನನ್ನೂ ಹೇಳುವದಿಲ್ಲ. ಕೇಳುವ ಕ್ರಮ ಗೊತ್ತಿದ್ದವರಿಗೆ ಮಾತ್ರ ಉತ್ತರ ಕೊಡುವದು.

ಅಂತಹ ಒಬ್ಬರು ಹುನಗುಂದದಲ್ಲಿದ್ದರು. ಎಪ್ಪತ್ತು ದಾಟಿದ ಮಿಸ್ತ್ರಿಗಳು. ಹರೆಯದಲ್ಲಿ ಬಾದಾಮಿಯಲ್ಲಿದ್ದು, ಐಹೊಳೆ ಪಟ್ಟದಕಲ್ಲುಗಳನ್ನು ತೋರಿಸಲು ಪ್ರವಾಸಿಗರನ್ನು ಒಯ್ಯುತ್ತಿದ್ದ ಬಾಡಿಗೆಯ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡವರು; ಆಮೇಲೆ ಸೊಲ್ಲಾಪುರದ ಹೆದ್ದಾರಿಯ ಬದಿಗೆ ಅಂಗಡಿ ಹಾಕಿ ಇಳಕಲ್ಲಿನ ಕಲ್ಲುಗಣಿಗಳ ಧೂಳು ತಿಂದ ಗಾಡಿಗಳನ್ನು ನೋಡಿಕೊಂಡವರು. ಬಸ್ಸಿನಲ್ಲಿ ಬಂದಿಳಿದಾಗ ಅವರ ಚೀಲದಲ್ಲಿ ಎರಡು ಪಾನಾ, ಒಂದು ಸ್ಕ್ರೂಡ್ರೈವರು, ಒಂದು ಗಾಜಿನ ಬಾಟಲಿ, ಒಂದು ಮೊಳ ರಬ್ಬರಿನ ನಳಿಗೆ ಇಷ್ಟೇ ಇದ್ದವು. ಆ ಬಾಟಲಿಯೇ ಮುಂದೆ ಎಲ್ಲದಕ್ಕೂ ಸಾಕ್ಷಿಯಾಯಿತು.

ಅವರು ಗಾಡಿಯನ್ನು ಮುಟ್ಟುವ ಮೊದಲು ಅದರ ಸುತ್ತಲಿನ ಬಾಗಿಲುಗಳನ್ನೆಲ್ಲ ತೆರೆಯಿಸಿದರು. ಬೀಡಿ ಸೇದುತ್ತಿದ್ದ ನೆರೆಯವರನ್ನು ಅಂಗಳದಿಂದ ಆಚೆಗೆ ಕಳಿಸಿದರು. ಪೆಟ್ರೋಲಿನ ಹಗೇವಿಗೆ ದೀಪ ಇಳಿಬಿಡುವಂತಿಲ್ಲ. ಬಳಿಕ ಒಂದು ಪ್ಲಗ್ಗನ್ನು ಬಿಚ್ಚಿ ಮೂಸಿ ನೋಡಿದರು. ಸೆಲ್ಫು ಹೊಡೆದ ಮೇಲೂ ಅದು ಒಣಗಿದ್ದಿತು. ಪೆಟ್ರೋಲಿನ ವಾಸನೆ ಇರಲಿಲ್ಲ. ಅದನ್ನು ತಂತಿಗೆ ಸೇರಿಸಿ, ಪೆಟ್ರೋಲಿನಿಂದ ದೂರದಲ್ಲಿ ಇಂಜಿನ್ನಿನ ಮೈಗೆ ತಾಗಿಸಿ ಮತ್ತೆ ತಿರುಗಿಸಿದಾಗ ನೀಲಿಯ ಕಿಡಿ ಚಟಚಟನೆ ಹಾರಿತು. ಪ್ಲಗ್ಗನ್ನು ಮರಳಿ ಕೂಡಿಸಿ, ಒಂದು ಚಮಚೆಯಷ್ಟು ಹೊಸ ಪೆಟ್ರೋಲನ್ನು ಕಾರ್ಬೊರೇಟರಿನ ಬಾಯಿಗೆ ಬಿಟ್ಟು ದೂರ ಸರಿದು "ಹೊಡೀರಿ" ಎಂದರು. ಐದೂವರೆ ವರ್ಷ ಸುಮ್ಮನಿದ್ದ ಇಂಜಿನ್ನು ಒಮ್ಮೆಲೇ ಗುಡುಗಿ, ಶೆಡ್ಡಿನ ತಗಡುಗಳನ್ನು ನಡುಗಿಸಿ, ನಾಲ್ಕೈದು ಗಳಿಗೆ ಓಡಿ, ಕೆಮ್ಮಿ ನಿಂತಿತು. ಒಳಗಿನಿಂದ ಅತ್ತಿ ಓಡಿ ಬಂದರು.

"ಗಾಡಿ ಸತ್ತಿಲ್ರೀ ಅವ್ವಾರ" ಎಂದರು ಮಿಸ್ತ್ರಿಗಳು. "ಉಪಾಸ ಐತಿ ಅಷ್ಟ. ಕೂಳು ಎಲ್ಲಿತನಕಾ ಬಂದು ನಿಂತೈತಿ ನೋಡೂಣ್ರಿ."

ಒಂದು ಚಮಚೆ ಪೆಟ್ರೋಲು ಎಷ್ಟು ಕೆಲಸ ಮಾಡಿತೆಂಬುದನ್ನು ನೋಡಬೇಕು. ಕಿಡಿ ಸರಿಯಿದೆ, ಗಾಳಿ ಸರಿಯಿದೆ, ಒತ್ತಡವೂ ಹೊತ್ತಿಕೊಳ್ಳುವಷ್ಟು ಇದೆ. ಬೋರು ಸವೆದಿದ್ದರೂ ಗಾಡಿ ಹೊರಡದ ಕಾರಣ ಅದಲ್ಲವೆಂದು ಅರೆನಿಮಿಷದಲ್ಲಿ ಗೊತ್ತಾಯಿತು. ಉಳಿದದ್ದು ಪೆಟ್ರೋಲಿನ ಹಾದಿ. ಅದು ಹಿಂಬದಿಯ ಟಾಕಿಯಿಂದ ಹೊರಟು, ಟಾಕಿಯೊಳಗಿನ ಜರಡಿಯನ್ನು ದಾಟಿ, ಗಾಡಿಯ ಹೊಟ್ಟೆಯ ಕೆಳಗೆ ಉಕ್ಕಿನ ಕೊಳವೆಯಲ್ಲಿ ಸಾಗಿ, ಇಂಜಿನ್ನಿನ ಬದಿಗಿರುವ ಪಂಪಿಗೆ ಬರುವದು. ಇಂಜಿನ್ನು ತಿರುಗಿದಂತೆ ಆ ಪಂಪಿನೊಳಗಿನ ಪರದೆ ಮೇಲೆ ಕೆಳಗೆ ಆಡಿ, ಹಿಂದಿನಿಂದ ಹೀರಿ ಮುಂದಕ್ಕೆ ತಳ್ಳುವದು. ಮುಂದೆ ಕಾರ್ಬೊರೇಟರಿನ ಬಟ್ಟಲು. ಅಲ್ಲಿ ತೇಲುವ ಫ್ಲೋಟು ಬಟ್ಟಲು ತುಂಬಿದಾಗ ಒಂದು ಸಣ್ಣ ಸೂಜಿಯನ್ನು ಒತ್ತಿ ಬಾಗಿಲು ಮುಚ್ಚುವದು. ಆ ಬಟ್ಟಲಿನಿಂದ ಜೆಟ್ಟು, ಜೆಟ್ಟಿನಿಂದ ಗಾಳಿಯೊಡನೆ ಬೆರೆತು ಇಂಜಿನ್ನು. ಕೂಳು ಎಲ್ಲಿಯ ತನಕ ಬಂದು ನಿಂತಿದೆ ಎಂಬ ಪ್ರಶ್ನೆಗೆ ಈ ಹಾದಿಯ ನಡುವೆ ಒಂದೊಂದು ಕಡೆ ಬಿಚ್ಚಿ, ಬಾಟಲಿ ಹಿಡಿದು ನೋಡುವದೇ ಉತ್ತರ. ಯಾವುದನ್ನೂ ಬದಲಿಸುವ ಮೊದಲು ನೋಡಬೇಕು, ಬದಲಿಸಿ ನೋಡುವದಲ್ಲ.

ಕಾರ್ಬೊರೇಟರಿಗೆ ಬರುವ ಕೊಳವೆಯನ್ನು ಬಿಚ್ಚಿ ಬಾಟಲಿಗೆ ಹಿಡಿದು ಸೆಲ್ಫು ಹೊಡೆದರೆ ಒಂದು ಹನಿಯೂ ಬರಲಿಲ್ಲ. ಹಾಗಾದರೆ ಸದ್ಯದ ತಡೆ ಕಾರ್ಬೊರೇಟರಿನಲ್ಲಿ ಇಲ್ಲ, ಅದಕ್ಕೂ ಹಿಂದೆ. ಪಂಪಿನ ಹಿಂಬದಿಯ ಕೊಳವೆಯನ್ನು ತೆಗೆದು, ತಮ್ಮ ಮೊಳದ ನಳಿಗೆಯನ್ನು ಸೇರಿಸಿ, ಅದರ ತುದಿಯನ್ನು ಹೊಸ ಪೆಟ್ರೋಲು ತುಂಬಿದ ಡಬ್ಬಿಯಲ್ಲಿ ಮುಳುಗಿಸಿದರು. ಈಗ ಬಾಟಲಿಗೆ ಆಕಳ ಮೊಲೆಯಿಂದ ಹಾಲು ಬಿದ್ದಂತೆ ಚುರ್ ಚುರ್ ಎಂದು ಬಿದ್ದಿತು. ಪಂಪು ನಿರಪರಾಧಿ. ಗ್ಯಾರೇಜಿನವರು ಬಿಚ್ಚಿಟ್ಟ ಹಳೆಯ ಪಂಪನ್ನು ಅತ್ತಿ ಬಿಸಾಡದೆ ಡಬ್ಬಿಯಲ್ಲಿಟ್ಟಿದ್ದರು. ಮಿಸ್ತ್ರಿಗಳು ಅದರ ಬಾಯಿಗೆ ಬೆರಳು ಒತ್ತಿ ಹಿಡಿಕೆಯನ್ನು ಆಡಿಸಿದರು. ಬೆರಳನ್ನು ಅದು ಗಟ್ಟಿಯಾಗಿ ಹೀರಿಕೊಂಡಿತು. ಅದೂ ನಿರಪರಾಧಿಯೇ! ಅವರು ಏನೂ ಅನ್ನದೆ ಮತ್ತೆ ಡಬ್ಬಿಯಲ್ಲಿಟ್ಟರು.

ದೋಷವು ಇನ್ನೂ ಹಿಂದಕ್ಕೆ ಸರಿಯಿತು. ಉಕ್ಕಿನ ಕೊಳವೆಯನ್ನು ಎರಡೂ ತುದಿಗೆ ಬಿಚ್ಚಿ ಗಾಳಿ ಊದಿಸಿದರೆ ಹಾದಿ ಸ್ವಚ್ಛವಾಗಿದ್ದಿತು. ಊದುವಾಗ ಟಾಕಿಯ ಕಡೆಯ ಜೋಡಣೆಯನ್ನು ಬಿಡಿಸಿಯೇ ಊದಬೇಕು, ಇಲ್ಲವಾದರೆ ಕೊಳವೆಯ ಕಚರಾವನ್ನೆಲ್ಲ ಟಾಕಿಯ ಜರಡಿಗೆ ಕೊಂಡೊಯ್ದು ತುಂಬಿದಂತಾಗುವದು. ಉಳಿದದ್ದು ಟಾಕಿಗೂ ಉಕ್ಕಿನ ಕೊಳವೆಗೂ ನಡುವೆ ಇರುವ ಗೇಣುದ್ದದ ರಬ್ಬರಿನ ತುಂಡು. ಅದು ನೋಡಲು ಚೆನ್ನಾಗಿಯೇ ಇದ್ದಿತು. ನೆಲದ ಮೇಲೆ ಒಂದು ಹನಿಯೂ ಸೋರಿದ ಗುರುತಿರಲಿಲ್ಲ. ಮಿಸ್ತ್ರಿಗಳು ಅದನ್ನು ತೆಗೆದು ಬಾಗಿಸಿದರು. ಹುನಗುಂದದ ಎರೆಹೊಲವು ಬೇಸಿಗೆಯಲ್ಲಿ ಬಿರಿದಂತೆ ಅದರ ಮೈತುಂಬ ಬಿರುಕು ಬಾಯಿ ತೆರೆದವು.

ಸೋರದಿದ್ದ ನಳಿಗೆ ಅಪರಾಧಿಯಾದದ್ದು ಹೇಗೆ? ಪಂಪಿನ ಮುಂದಿನ ಹಾದಿಯಲ್ಲಿ ತೂತಾದರೆ ಪೆಟ್ರೋಲು ಹೊರಗೆ ಬರುವದು, ಕಣ್ಣಿಗೆ ಕಾಣುವದು. ಹಿಂದಿನ ಹಾದಿ ಹೀರುವ ಹಾದಿ. ಅಲ್ಲಿ ತೂತಾದರೆ ಹೊರಗಿನ ಗಾಳಿ ಒಳಗೆ ಹೋಗುವದು. ತೂತು ಬಿದ್ದ ನಳಿಗೆಯಿಂದ ಎಳನೀರು ಕುಡಿಯಹೋದವನ ಬಾಯಿಗೆ ಬರೀ ಗಾಳಿ ಬರುವಂತೆ. ಟಾಕಿಯಲ್ಲಿಯ ಪೆಟ್ರೋಲು ಕೆಳಮಟ್ಟದಲ್ಲಿದ್ದುದರಿಂದ ಸೋರಲು ಅಲ್ಲಿ ಪೆಟ್ರೋಲೇ ನಿಂತಿರಲಿಲ್ಲ. ನೂರಿನ್ನೂರು ರೂಪಾಯಿಯ ಈ ತುಂಡಿನ ಸಲುವಾಗಿ ಒಂದು ಪಂಪು ಬದಲಾಯಿತು, ಇಂಜಿನ್ನಿಗೆ ಅಪವಾದ ಬಂದಿತು, ಗುಜರಿಯವನ ಮುಂಗಡವೂ ಮನೆಗೆ ಬಂದಿತು.

ಹೊಸ ತುಂಡನ್ನು ಹಾಕಿದೊಡನೆ ಬಾಟಲಿಗೆ ಟಾಕಿಯ ಪೆಟ್ರೋಲು ಬರಹತ್ತಿತು. ನಮಗೆಲ್ಲ ಹರ್ಷವಾಯಿತು. ನನ್ನ ಅತ್ತಿಯ ನೆರೆಮನೆಯ ಹುಡುಗನಂತೂ ಕೀಲಿಗೆ ಕೈ ಹಾಕಿದನು. ಆದರೆ ಮಿಸ್ತ್ರಿಗಳು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ, ಕೊಳವೆಯನ್ನು ಮತ್ತೆ ಬಿಚ್ಚಿಟ್ಟರು. "ಬಂದದ್ದೆಲ್ಲಾ ಕೂಳಲ್ರೀ. ಇದನ್ನ ಉಣಿಸಿದ್ರ ನಾಳೆ ಬ್ಯಾನಿ ಬೀಳತೈತಿ." ಬಾಟಲಿಯಲ್ಲಿದ್ದುದು ಡಿಕಾಕ್ಷನ್ನಿನ ಬಣ್ಣದ ದ್ರವ. ಪೆಟ್ರೋಲಿನ ಚುರುಕು ವಾಸನೆಯ ಬದಲು ಕಿಟಕಿಗೆ ಹೊಸದಾಗಿ ಹಚ್ಚಿದ ವಾರ್ನಿಷಿನ ವಾಸನೆ. ಬಿಳಿಯ ಕಾಗದದ ಮೇಲೆ ಹೊಸ ಪೆಟ್ರೋಲಿನ ಒಂದು ಹನಿ, ಹಳೆಯದರ ಒಂದು ಹನಿ ಹಾಕಿದರು. ಹೊಸದು ಗುರುತಿಲ್ಲದೆ ಆರಿಹೋಯಿತು. ಹಳೆಯದು ಅಂಟಾದ ಒಂದು ಕಂದು ಉಂಗುರವನ್ನು ಬಿಟ್ಟಿತು.

ಪೆಟ್ರೋಲು ನೀರಿನ ಹಾಗೆ ಒಂದೇ ಪದಾರ್ಥವಲ್ಲ. ಅದು ಹಗುರವೂ ಭಾರವೂ ಆದ ನೂರಾರು ತೈಲಾಂಶಗಳ ಕೂಟ. ಇವುಗಳಲ್ಲಿ ಹಗುರವಾದವು ಮೊದಲು ಆವಿಯಾಗಿ ಹೋಗುವವು. ತಣ್ಣಗಿದ್ದ ಇಂಜಿನ್ನನ್ನು ಹೊತ್ತಿಸುವವೂ ಅವೇ. ಉಳಿದವುಗಳಲ್ಲಿ ಕೆಲವು ಗಾಳಿಯೊಳಗಿನ ಆಮ್ಲಜನಕವನ್ನು ಕೂಡಿ ಅಂಟಾಗಿ, ಸೂಜಿ ಜೆಟ್ಟುಗಳ ಕೂದಲಿನಂತಹ ರಂಧ್ರಗಳಲ್ಲಿ ಗಟ್ಟಿಯಾಗುವವು. ಹಗೇವಿನ ಜೋಳಕ್ಕೆ ವರ್ಷಗಳ ಆಯುಷ್ಯವುಂಟು. ಗಾಡಿಯ ಟಾಕಿಯಲ್ಲಿಯ ಪೆಟ್ರೋಲಿಗೆ ಕೆಲವೇ ತಿಂಗಳು.

ಈಚೆಗೆ ಇದರಲ್ಲಿ ಇನ್ನೊಂದು ಸಂಗತಿ ಸೇರಿದೆ. ಪೆಟ್ರೋಲಿನಲ್ಲಿ ಇಥನಾಲೆಂಬ ಮದ್ಯಸಾರವನ್ನು ಬೆರೆಸುತ್ತಾರೆ. ಗಾಡಿ ನಿಂತ ಕಾಲಕ್ಕೆ ದೇಶದ ಸರಾಸರಿ ಶೇಕಡಾ ೫ರಷ್ಟಿತ್ತು. ೨೦೨೨ರಲ್ಲಿ ೧೦ ಆಯಿತು. ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ೨೦ರ ಪೆಟ್ರೋಲು ಉದ್ಘಾಟನೆಯಾಗಿ, ೨೦೨೫ಕ್ಕೆ ಅದೇ ಎಲ್ಲ ಕಡೆಗೂ ಬಂದಿತು. ನಮ್ಮ ಜಿಲ್ಲೆಯವರು ಇದನ್ನು ಪರರ ಸುದ್ದಿಯಂತೆ ಓದುವಂತಿಲ್ಲ. ಮುಧೋಳ ಜಮಖಂಡಿಗಳ ಕಬ್ಬು ಕಾರಖಾನೆಗೆ ಹೋಗಿ ಸಕ್ಕರೆಯಾಗುವದರ ಜೊತೆಗೆ ಮದ್ಯಸಾರವೂ ಆಗಿ, ತಿರುಗಿ ನಮ್ಮ ಗಾಡಿಗಳಿಗೇ ಬರುವದು. ಘಟಪ್ರಭೆಯ ದಂಡೆಯ ರೈತನಿಗೆ ಇದರಿಂದ ಎರಡು ಕಾಸು ಸಿಕ್ಕರೆ ನನಗೆ ಸಂತೋಷವೇ. ಆದರೆ ಮದ್ಯಸಾರವು ಗಾಳಿಯ ತೇವವನ್ನು ಕುಡಿಯುವದು. ಶೇಕಡಾ ೧೦ರ ಪೆಟ್ರೋಲು ನೂರು ಲೀಟರಿಗೆ ಹೆಚ್ಚುಕಡಿಮೆ ಅರ್ಧ ಲೀಟರು ನೀರನ್ನು ತನ್ನಲ್ಲಿ ಅಡಗಿಸಿಕೊಂಡೀತು. ಅದಕ್ಕೆ ಮೀರಿದರೆ ನೀರೂ ಮದ್ಯಸಾರವೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುವವು. ಹೀರುವ ಕೊಳವೆಯ ಬಾಯಿ ಇರುವದೂ ತಳದಲ್ಲಿಯೇ! ಮೇಲಾಗಿ ಹಳೆಯ ಕಾಲದ ರಬ್ಬರಿಗೆ ಇದರ ಸಹವಾಸ ಆಗದು. ಅದು ಉಬ್ಬುವದು, ಒಣಗಿದಾಗ ಬಿರಿಯುವದು. ಟಾಕಿಯ ಒಳಮೈಗೆ ಅಂಟಿದ ಹಳೆಯ ಮಡ್ಡಿಯನ್ನೂ ಇದು ಸಡಿಲಿಸಿ ಹಾದಿಗೆ ಬಿಡುವದು. ಹೊಸ ಗಾಡಿಗಳನ್ನು ಇದಕ್ಕೆ ತಕ್ಕಂತೆ ಮಾಡಿದ್ದಾರೆ. ಹಳೆಯವುಗಳ ಒಡೆಯರಿಗೆ ಯಾವ ರಬ್ಬರು ಬದಲಿಸಬೇಕೆಂದು ಪಂಪಿನ ಹಲಗೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಬಾಟಲಿಯನ್ನು ಒಂದು ರಾತ್ರಿ ಅಲುಗಿಸದೆ ಕಟ್ಟೆಯ ಮೇಲಿಟ್ಟರು. ಬೆಳಿಗ್ಗೆ ನೋಡಿದರೆ ಮೇಲೆ ಕಂದು ದ್ರವ, ಕೆಳಗೆ ಎರಡು ಬೆರಳಿನಷ್ಟು ಮಬ್ಬು ನೀರು, ತಳದಲ್ಲಿ ಬಾದಾಮಿಯ ಕಲ್ಲನ್ನು ಅರೆದು ಹಾಕಿದಂತೆ ಕೆಂಪು ತುಕ್ಕಿನ ಪುಡಿ. ಇನ್ನು ವಾದಕ್ಕೆ ಎಡೆಯಿರಲಿಲ್ಲ; ಟಾಕಿಯನ್ನು ಇಳಿಸಿದೆವು.

ಟಾಕಿಯ ಕೆಲಸದಲ್ಲಿ ಮಿಸ್ತ್ರಿಗಳು ಎರಡು ನಿಯಮಗಳನ್ನು ಕಟ್ಟಾಗಿ ಪಾಲಿಸಿದರು. ನಮ್ಮ ಮಾವನ ಕಾಲದವರು ನಳಿಗೆಯನ್ನು ಬಾಯಿಂದ ಹೀರಿ ಪೆಟ್ರೋಲು ತೆಗೆಯುತ್ತಿದ್ದರು. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಅದನ್ನು ಅವರು ಯಾರಿಗೂ ಮಾಡಗೊಡಲಿಲ್ಲ. ಎರಡನೆಯದಾಗಿ, ಟಾಕಿಗೆ ಬೆಸುಗೆ ಹಾಕಬೇಕಾದೀತೇ ಎಂದು ನಾನು ಕೇಳಿದ್ದಕ್ಕೆ ಅವರು ಎರಡೂ ಕೈಯೆತ್ತಿ ಮುಗಿದರು. ತುಂಬಿದ ಟಾಕಿಗಿಂತ ಬರಿದಾದ ಟಾಕಿಯೇ ಭಯಂಕರವಾದದ್ದು. ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಒಂದು ಕಿಡಿಗೆ ಕಾದು ಕೂತಿರುವದು. ಪುಣ್ಯಕ್ಕೆ ತೂತು ಇರಲಿಲ್ಲ. ಸೀಮೆ ಎಣ್ಣೆಯನ್ನೂ ಒಂದು ಸೇರು ದುಂಡುಗಲ್ಲುಗಳನ್ನೂ ಹಾಕಿ, ಇಬ್ಬರು ಹಿಡಿದು ತೊಟ್ಟಿಲು ತೂಗಿದಂತೆ ತೂಗಿ ಚೆಲ್ಲಿ, ಮತ್ತೆ ಹಾಕಿ ತೂಗಿ, ಚೆಲ್ಲಿದ್ದು ತಿಳಿಯಾಗುವ ತನಕ ಮಾಡಿದೆವು. ಜರಡಿಯ ಕಣ್ಣುಗಳಲ್ಲಿ ಮುಕ್ಕಾಲು ಪಾಲು ಅಂಟಿನಿಂದ ಮುಚ್ಚಿದ್ದವು. ಆ ಹುಡುಗನ ಮಾತು ಕೇಳಿ ಹೊರಟಿದ್ದರೆ ಕಮತಗಿಯ ತನಕವೂ ಹೋಗುತ್ತಿರಲಿಲ್ಲ.

ಕಾರ್ಬೊರೇಟರಿಗೆ ಅರ್ಧ ದಿನ ಸಾಕಾಯಿತು. ಬಟ್ಟಲಿನಲ್ಲಿ ಹಸಿರುಬಣ್ಣದ ಗಸಿ; ಸೂಜಿ ತನ್ನ ಪೀಠಕ್ಕೆ ಬೆಲ್ಲದ ಪಾಕದಲ್ಲಿ ಅಂಟಿದಂತೆ ಅಂಟಿತ್ತು. ಹಾದಿ ಸರಿಯಾದ ಮೇಲೂ ಇದು ಗಾಡಿಯನ್ನು ನಿಲ್ಲಿಸುತ್ತಿತ್ತು. ಎಂದರೆ, ದೋಷವು ಒಂದೇ ಇರುವದೆಂಬ ನಂಬಿಕೆ ನಿಂತ ಗಾಡಿಗೆ ಹೊಂದದು. ಒಂದರ ಹಿಂದೆ ಒಂದು ಅಡಗಿರುವದು. ಜೆಟ್ಟನ್ನು ತಂತಿಯಿಂದ ಚುಚ್ಚಿದರೆ ರಂಧ್ರ ದೊಡ್ಡದಾಗುವದೆಂದು ಅವರು ಗಾಳಿಯಿಂದಷ್ಟೇ ಊದಿದರು. ಈ ಕಾರ್ಬೊರೇಟರಿನಲ್ಲಿ ಸೂಜಿ ಹೊತ್ತ ಒಂದು ಪಿಸ್ಟನ್ನು ಗಾಳಿಯ ಸೆಳೆತಕ್ಕೆ ಏರಿಳಿಯುವದು. ಅದನ್ನು ಬೆರಳಿನಿಂದ ಎತ್ತಿಬಿಟ್ಟರೆ ಟಕ್ಕೆಂದು ಸದ್ದಾಗಿ ಬೀಳಬೇಕು. ಮೊದಲು ಬೀಳಲೇ ಇಲ್ಲ. ಒರಸಿ ಕೂಡಿಸಿದ ಮೇಲೆ ಟಕ್ಕೆಂದಿತು. ಮಿಸ್ತ್ರಿಗಳು ಅದನ್ನು ಮೂರು ನಾಲ್ಕು ಸಲ, ಬೇಕಾದುದಕ್ಕಿಂತ ಹೆಚ್ಚಾಗಿಯೇ, ಎತ್ತಿ ಬಿಟ್ಟು ಕೇಳಿದರು.

ಮೂರನೆಯ ದಿನ ಸಂಜೆಗೆ ಗಾಡಿ ತನ್ನ ಕೂಳು ತಾನು ಉಂಡು ಓಡಿತು. ಅತ್ತಿ ಗಾಲಿಗೆ ತೆಂಗಿನಕಾಯಿ ಒಡೆದರು. ಗುಜರಿಯವನ ಐದುನೂರು ರೂಪಾಯಿ ಮರಳಿ ಹೋಯಿತು.

ಮದುವೆಯ ದಿನ ಕಮತಗಿ ದಾಟಿ ಅಮೀನಗಡದ ಹಾದಿಯಲ್ಲಿ ಅದು ಮತ್ತೆ ನಿಂತಿತು. ಹಿಂದಿನ ಆಸನದಲ್ಲಿ ಇಳಕಲ್ಲಿನ ಸೀರೆಯುಟ್ಟು ಕೂತ ಅತ್ತಿ ಏನೂ ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಹತ್ತಿದರು. ತಮ್ಮ ಊರಿನ ತನಕ ನಮ್ಮೊಡನೆ ಹೊರಟಿದ್ದ ಮಿಸ್ತ್ರಿಗಳು ಮುಂದಿನ ಮುಚ್ಚಳಕ್ಕೆ ಕೈ ಹಚ್ಚಲೇ ಇಲ್ಲ. ನೆಟ್ಟಗೆ ಹಿಂದೆ ಹೋಗಿ ಟಾಕಿಯ ಮುಚ್ಚಳವನ್ನು ತಿರುಗಿಸಿದರು. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಪೆಟ್ರೋಲು ಹೊರಟಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೆಂದು ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರವಿರುವದು. ಐದು ವರ್ಷದ ಧೂಳು ಅದನ್ನು ಮುಚ್ಚಿತ್ತು. ಗಾಳಿಯ ದಾರಿ ಕಟ್ಟಿದಾಗ ಪಂಪು ಎಷ್ಟು ಹೀರಿದರೂ ಟಾಕಿ ಕೊಡುವದಿಲ್ಲ. ಸ್ವಲ್ಪ ದೂರ ಓಡಿ ನಿಲ್ಲುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಸುಸ್ಸೆಂದರೆ ಮುಚ್ಚಳದ ದೋಷ, ಸುಮ್ಮನಿದ್ದರೆ ಜರಡಿಯದು. ಅತ್ತಿ ತಮ್ಮ ಸೀರೆಯ ಪಿನ್ನನ್ನು ಕೊಟ್ಟರು. ಅದರಿಂದ ರಂಧ್ರ ಬಿಡಿಸಿ ಹೊರಟು, ಮಿಸ್ತ್ರಿಗಳನ್ನು ಹುನಗುಂದದಲ್ಲಿ ಇಳಿಸಿ, ಅಕ್ಕಿಕಾಳಿನ ಹೊತ್ತಿಗೆ ಇಳಕಲ್ಲನ್ನು ಮುಟ್ಟಿದೆವು.

ಇಳಿಯುವ ಮುಂಚೆ ಮಿಸ್ತ್ರಿಗಳು ಹೇಳಿದ್ದು ಇಷ್ಟು. ಹದಿನೈದು ದಿನಕ್ಕೊಮ್ಮೆ ಗಾಡಿಯನ್ನು ಹೊರಗೆ ಒಯ್ಯಬೇಕು. ಶೆಡ್ಡಿನಲ್ಲಿ ನಿಲ್ಲಿಸಿಯೇ ಐದು ನಿಮಿಷ ಗುರುಗುಟ್ಟಿಸಿದರೆ ಸಾಲದು. ಬಹಳ ದಿನ ನಿಲ್ಲಿಸುವದಿದ್ದರೆ ಟಾಕಿಯನ್ನು ಪೂರ್ತಿ ತುಂಬಿಡಬೇಕು; ಅರ್ಧ ತುಂಬಿದ ಟಾಕಿಯಲ್ಲಿ ಗಾಳಿ ಬಹಳ, ಅದರೊಡನೆ ನೀರೂ ಬಹಳ. ರಬ್ಬರಿನ ತುಂಡು ಬಾಗಲಕೋಟೆಯ ಅಂಗಡಿಯಲ್ಲಿ ಸಾದಾ ಜಾತಿಯದೇ ಸಿಕ್ಕಿತ್ತು. ಈಗಿನ ಪೆಟ್ರೋಲಿಗೆ ಅದರ ಮೇಲೆ ನಂಬಿಕೆ ಇಡುವಂತಿಲ್ಲವೆಂದು ಅವರು ಮುಂದಿನ ಮುಚ್ಚಳದ ಒಳಮೈಗೆ ಬಿಳಿಯ ಬಣ್ಣದಿಂದ, ದಪ್ಪ ಅಕ್ಷರಗಳಲ್ಲಿ, 'ನಳಿಗೆ ೨೦೨೭ ದೀಪಾವಳಿ' ಎಂದು ಬರೆದಿದ್ದಾರೆ.